ಜಾಡಿಮನೆಯ ನೀಲಬ್ಬೆ ಮತ್ತು ಹುಳಿಯಾಗದ ಪೀಪಾಯಿ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಹೊಂಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಜಾಡಿಮನೆ ಎಂಬ ಮನೆತನವಿತ್ತು. ಅದು ಅಂತಿಂಥ ಮನೆತನವಲ್ಲ. ಅರಮನೆಯವರು ಕುಡಿಯುವ ನೀರು, ಪಾನಕ, ಮಜ್ಜಿಗೆ ಎಲ್ಲವೂ ಏಳು ತಲೆಮಾರುಗಳಿಂದ ಆ ಮನೆಯ ಜಾಡಿಗಳಿಂದಲೇ ಹೋಗುತ್ತಿದ್ದವು. ಊರಿಗೆಲ್ಲ ವಾಂತಿಭೇದಿ ಬಂದ ವರ್ಷವೂ ಅರಮನೆಯಲ್ಲಿ ಒಬ್ಬರೂ ಹೊಟ್ಟೆ ಹಿಡಿದುಕೊಂಡು ಕೂತಿರಲಿಲ್ಲ. ಜಾಡಿಮನೆಯವರು ಸುಳ್ಳು ಹೇಳಿದವರಲ್ಲ, ಗಟ್ಟಿಯಾಗಿ ನಕ್ಕವರಲ್ಲ, ಕೈ ತೊಳೆಯದೆ ಜಾಡಿ ಮುಟ್ಟಿದವರಂತೂ ಅಲ್ಲವೇ ಅಲ್ಲ. ಅರಸರು ಕೂಡ ಅವರನ್ನು 'ನೀವು' ಎಂದೇ ಮಾತನಾಡಿಸುತ್ತಿದ್ದರು.

ಆ ಮನೆಯಲ್ಲಿ ಚಂದಲಬ್ಬೆ ಎಂಬ ಹೆಂಗಸಿದ್ದಳು. ಅವಳಿಗೆ ದ್ರಾಕ್ಷಾರಸ ಮಾಡುವ ಹಂಬಲ. ಆದರೆ ಹೊಂಗಿರಿಯಲ್ಲಿ ಒಂದು ಕಟ್ಟಳೆಯಿತ್ತು. ರಸದ ಪೀಪಾಯಿಯ ಮೇಲೆ ಹೆಣ್ಣಿನ ನೆರಳು ಬಿದ್ದರೆ ರಸ ಹುಳಿಯಾಗುತ್ತದೆ, ಆದ್ದರಿಂದ ಹೆಂಗಸರು ಅರಮನೆಯ ನೆಲಮಾಳಿಗೆಗೆ ಇಳಿಯಬಾರದು ಎಂದು. ಚಂದಲಬ್ಬೆ ಅದನ್ನು ನಂಬಲಿಲ್ಲ. ಪ್ರಸನ್ನಕೀರ್ತಿ ಮಹಾರಾಜನ ಪಟ್ಟಾಭಿಷೇಕಕ್ಕೆಂದು ತನ್ನ ಕೈಯಾರೆ ಒಂದು ಪೀಪಾಯಿ ರಸ ಮಾಡಿ ನೆಲಮಾಳಿಗೆಯಲ್ಲಿ ಇಟ್ಟಳು.

ಪಟ್ಟದ ದಿನ ಮಹಾರಾಜ ಮೊದಲ ಗುಟುಕು ಕುಡಿದ. ಕುಡಿದವನೇ ಮುಖ ಕಿವುಚಿ ಉಗಿದುಬಿಟ್ಟ. ರಸ ಹುಣಸೆಹಣ್ಣಿಗಿಂತ ಹುಳಿಯಾಗಿತ್ತು.

"ಜಾಡಿಮನೆಯಂತೆ ಜಾಡಿಮನೆ! ಹುಳಿಮನೆ ಎನ್ನಿ!" ಎಂದ ಮಹಾರಾಜ. ಸಭೆಗೆ ಸಭೆಯೇ ನಕ್ಕಿತು.

ಚಂದಲಬ್ಬೆ ನಗಲಿಲ್ಲ. ಪೀಪಾಯಿಯ ಬಳಿ ಹೋಗಿ ಒಳಗೆ ಬಗ್ಗಿ ನೋಡಿದಳು. "ಮಹಾಸ್ವಾಮಿ, ನಾನು ಇದನ್ನು ಬಾಯಿಯವರೆಗೆ ತುಂಬಿದ್ದೆ. ಈಗ ಅರ್ಧವೇ ಇದೆ. ಯಾರೋ..." ಎಂದಳು. ಮಾತು ಮುಗಿಯಲಿಲ್ಲ. ಕಂಬದ ಮರೆಯಲ್ಲಿ ಯಾರೋ ಏನನ್ನೋ ಗೊಣಗಿದರು. ಚಂದಲಬ್ಬೆ ನಿಂತಿದ್ದ ಜಾಗದಲ್ಲಿ ಸ್ವಲ್ಪ ಹೊಗೆ ಎದ್ದಿತು. ಹೊಗೆ ಕರಗಿದಾಗ ಅವಳು ಇರಲಿಲ್ಲ. ನಾಚಿಕೆಯಿಂದ ಓಡಿಹೋದಳು ಎಂದರು ಜನ.

ಅಂದಿನಿಂದ ಅರಮನೆಗೆ ಜಾಡಿಮನೆಯ ನೀರು ನಿಂತಿತು. ಬೀದಿಯಲ್ಲಿ ಮಕ್ಕಳು "ಹುಳಿಮನೆ, ಹುಳಿಮನೆ" ಎಂದು ಹಾಡಿದರು. ಏಳು ತಲೆಮಾರು ತೊಳೆದು ಬೆಳಗಿದ ಹೆಸರು ಒಂದೇ ಗುಟುಕಿನಲ್ಲಿ ಮಣ್ಣುಪಾಲಾಯಿತು.

ಚಂದಲಬ್ಬೆಗೆ ನೀಲಬ್ಬೆ ಎಂಬ ಸೋದರಸೊಸೆ ಇದ್ದಳು. ಅತ್ತೆ ಕಾಣೆಯಾದ ಮರುದಿನ ಅಡುಗೆಮನೆಯ ಕಿಟಕಿಗೆ ಒಂದು ಕಾಗೆ ಬಂದು ಕೂತಿತು. ನೀಲಬ್ಬೆ ಒಂದು ಹಿಡಿ ಅನ್ನ ಎಸೆದಳು. ಕಾಗೆ ಅದನ್ನು ಮೂಸಿಯೂ ನೋಡಲಿಲ್ಲ. ಬಾಳೆಎಲೆಯ ಮೇಲೆ ಬಡಿಸಿದಳು. ಕಾಗೆ ಎಲೆಯನ್ನು ದುರುಗುಟ್ಟಿ ನೋಡಿ, ಕೊಕ್ಕಿನಿಂದ ಅದರ ತುದಿಯನ್ನು ಎಡಗಡೆಗೆ ತಿರುಗಿಸಿಕೊಂಡು, ಆಮೇಲೆ ಊಟಕ್ಕೆ ಕೂತಿತು.

ಇಡೀ ರಾಜ್ಯದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಊಟ ಮಾಡುವವರು ಒಬ್ಬರೇ ಇದ್ದರು.

"ಅತ್ತೆ, ನೀವೇನಾ?" ಎಂದಳು ನೀಲಬ್ಬೆ.

"ಕಾ," ಎಂದಿತು ಕಾಗೆ. ಅದಕ್ಕೆ ಬೇರೆ ಮಾತು ಬರುತ್ತಿರಲಿಲ್ಲ.

ನೀಲಬ್ಬೆ ಅಳುತ್ತಾ ಕೂರಲಿಲ್ಲ. ಮುಖ ತೊಳೆದು, ತಲೆ ಬಾಚಿ, ಗಂಜಿ ಹಾಕಿದ ಸೀರೆಯುಟ್ಟು, ಕಾಗೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ನೇರವಾಗಿ ಆಸ್ಥಾನಕ್ಕೆ ನಡೆದಳು.

"ಮಹಾಸ್ವಾಮಿ, ನಾನು ದ್ರಾಕ್ಷಾರಸ ಮಾಡುತ್ತೇನೆ. ಅದು ಹುಳಿಯಾಗುವುದಿಲ್ಲ. ಆಗ ನಮ್ಮ ಹೆಸರು ನಮಗೆ ವಾಪಸು ಬರಬೇಕು."

ಮಹಾರಾಜನಿಗೆ ನಗು ಬಂತು. ಪಕ್ಕದಲ್ಲಿ ನೆಲಮಾಳಿಗೆಯ ಅಧಿಕಾರಿ ಘಟಕೇತು ನಿಂತಿದ್ದ. ಉದ್ದನೆಯ ಮನುಷ್ಯ, ಕಿವಿಯಲ್ಲಿ ಚಿನ್ನದ ಒಂಟಿ. ಅವನು ಮಾಂತ್ರಿಕ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕದ್ದು ಕುಡಿದ ರಸದಿಂದಲೇ ಅವನ ಮಂತ್ರಕ್ಕೆ ಬಲ ಬರುತ್ತಿತ್ತು. ಯಾರಾದರೂ ಮರ್ಯಾದೆಯಿಂದ ಬಟ್ಟಲಲ್ಲಿ ಕೊಟ್ಟರೆ ಅವನಿಗೆ ಪ್ರಯೋಜನವಿರಲಿಲ್ಲ.

"ಮೂರು ಪರೀಕ್ಷೆ ಇಡೋಣ, ಪ್ರಭು," ಎಂದ ಘಟಕೇತು. "ಕರಡಿಬಂಡೆಯ ಮೇಲೆ ದ್ರಾಕ್ಷಿ ಬೆಳೆಯಲಿ. ಬೆಂಕಿ ಮುಟ್ಟಿಸದೆ ಹಣ್ಣಿನ ರಸವನ್ನು ಕುದಿಸಲಿ. ಆಮೇಲೆ ನನ್ನ ನೆಲಮಾಳಿಗೆಯಲ್ಲಿ ಒಂದು ವರ್ಷ ಹುಳಿಯಾಗದಂತೆ ಇಡಲಿ."

"ಆಗಲಿ," ಎಂದ ಮಹಾರಾಜ. "ಸೋತರೆ ನಿನ್ನ ಮನೆಯ ಬಾಗಿಲ ಮೇಲೆ 'ಹುಳಿಮನೆ' ಎಂದು ಕಲ್ಲಿನಲ್ಲಿ ಕೆತ್ತಿಸುತ್ತೇನೆ."

'ನಿನ್ನ' ಎಂದದ್ದು ನೀಲಬ್ಬೆಯ ಕಿವಿಗೆ ಬಿತ್ತು. ಅವಳು ಅದನ್ನು ನೆನಪಿನಲ್ಲಿಟ್ಟುಕೊಂಡಳು.

ಕರಡಿಬಂಡೆ ಎಂದರೆ ಬರೀ ಕಲ್ಲುಗುಡ್ಡ. ಹುಲ್ಲೂ ಬೆಳೆಯದ ಜಾಗ ಎಂದು ಘಟಕೇತು ಅದನ್ನು ಆರಿಸಿದ್ದ. ಆದರೆ ಅತ್ತೆ ಹಿಂದೆಯೇ ನೀಲಬ್ಬೆಗೆ ಹೇಳಿಕೊಟ್ಟಿದ್ದಳು, ಕೊಬ್ಬಿದ ನೆಲದಲ್ಲಿ ಎಲೆ ಹೆಚ್ಚು, ಬಡನೆಲದಲ್ಲಿ ರುಚಿ ಹೆಚ್ಚು ಎಂದು. ಅವಳು ಸಂತೋಷದಿಂದಲೇ ಗುಡ್ಡ ಹತ್ತಿ ಗುಣಿ ತೋಡತೊಡಗಿದಳು. ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಆನೆಗಾತ್ರದ ಕರಡಿಯೊಂದು ಸೊಪ್ಪು ಅಗಿಯುತ್ತಾ ಎದ್ದು ಬಂತು.

"ಯಾರದು ನನ್ನ ಬಂಡೆಯ ಮೇಲೆ? ತಿಂದುಬಿಡುತ್ತೇನೆ!"

"ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತನಾಡಬಾರದು," ಎಂದಳು ನೀಲಬ್ಬೆ. "ಮೊದಲು ನುಂಗು. ಆಮೇಲೆ ಹೇಳು."

ಕರಡಿ ನುಂಗಿತು. ನುಂಗಿದ ಮೇಲೆ ತಾನು ಏನು ಹೇಳಬೇಕೆಂದಿದ್ದೆ ಎಂಬುದೇ ಅದಕ್ಕೆ ಮರೆತುಹೋಯಿತು.

"ಇಲ್ಲಿ ದ್ರಾಕ್ಷಿ ಬೆಳೆಯುತ್ತೇನೆ. ನೀನು ಕಾವಲು ಕಾಯಿ. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯೆಲ್ಲ ನಿನಗೆ."

"ಸಿಪ್ಪೆ ಸಿಹಿಯಾಗಿರುತ್ತದೆಯೇ?"

"ದಯವಿಟ್ಟು ಎಂದು ಸೇರಿಸಿ ಕೇಳು."

"ದಯವಿಟ್ಟು ಸಿಪ್ಪೆ ಸಿಹಿಯಾಗಿರುತ್ತದೆಯೇ?"

"ಇರುತ್ತದೆ."

ಬಳ್ಳಿ ಚಿಗುರಿತು, ಚಪ್ಪರಕ್ಕೆ ಹಬ್ಬಿತು. ಆಗ ನೀಲಬ್ಬೆ ಕತ್ತಿ ತೆಗೆದುಕೊಂಡು ಅದನ್ನೆಲ್ಲ ಮೋಟಾಗುವಂತೆ ಸವರಿಬಿಟ್ಟಳು. ಕರಡಿ ತಲೆಯ ಮೇಲೆ ಕೈಹೊತ್ತು ಅತ್ತಿತು.

"ಅಯ್ಯೋ, ಕೊಂದೇಬಿಟ್ಟಿರಲ್ಲ ತಾಯಿ! ಪಾಪ, ಅದು ನಿಮಗೇನು ಮಾಡಿತ್ತು?"

"ಶಿಸ್ತಿಲ್ಲದೆ ಬೆಳೆದದ್ದಕ್ಕೆ ಫಲವಿಲ್ಲ. ಸುಮ್ಮನಿರು."

ಒಂದು ಮಳೆಗಾಲ ಹೋಯಿತು, ಇನ್ನೊಂದು ಮಳೆಗಾಲ ಹೋಯಿತು. ಮೂರನೆಯದು ಹೋಗಿ ಬಿಸಿಲು ಬಿದ್ದಾಗ ಕಲ್ಲುಗುಡ್ಡದ ತುಂಬ ಕಪ್ಪು ದ್ರಾಕ್ಷಿಯ ಗೊಂಚಲುಗಳು ತೂಗಾಡಿದವು. ಕರಡಿ ಮತ್ತೆ ಅತ್ತಿತು, ಈ ಸಲ ಸಂತೋಷಕ್ಕೆ. ಮೊದಲ ಪರೀಕ್ಷೆ ಗೆದ್ದಾಯಿತು.

ಹಣ್ಣನ್ನು ಕಲ್ಲುತೊಟ್ಟಿಗೆ ಸುರಿದು ತುಳಿಯಬೇಕು. ಕರಡಿ ತಾನೇ ತುಳಿಯುತ್ತೇನೆ ಎಂದು ಮುಂದೆ ಬಂತು. ನೀಲಬ್ಬೆ ಅದರ ಪಾದವನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆಸಿದಳು. ಮೂರನೆಯ ಸಲ ಕಾಗೆ ಹಾರಿಬಂದು ಉಗುರಿನ ಸಂದುಗಳನ್ನೆಲ್ಲ ಬಗ್ಗಿ ನೋಡಿ "ಕಾ" ಎಂದ ಮೇಲೆಯೇ ತೊಟ್ಟಿಗೆ ಇಳಿಸಿದಳು. ಕರಡಿ ಕುಣಿದು ಕುಣಿದು ತುಳಿಯಿತು. ರಸ ಕೆಂಪಗೆ ಹರಿಯಿತು.

ತೊಟ್ಟಿಯಲ್ಲಿ ರಸ ತಾನಾಗಿಯೇ ಹುದುಗು ಬಂದು, ನೊರೆಯೆದ್ದು, ಕುದಿಯುವಂತೆ ಸದ್ದು ಮಾಡಬೇಕು. ಅದಕ್ಕೆ ಬೆಂಕಿ ಬೇಡ, ಹದವಾದ ಬೆಚ್ಚನೆ ಸಾಕು. ಘಟಕೇತುವಿಗೂ ಇದು ತಿಳಿದಿತ್ತು. ಆದ್ದರಿಂದ ಅವನು ಕೋಟೆಯ ಮೇಲೆ ನಿಂತು ಕರಡಿಬಂಡೆಯ ಕಡೆಗೆ ಒಮ್ಮೆ ಊದಿದ. ಹಿಮದ ಗಾಳಿ ಬೀಸಿತು. ತೊಟ್ಟಿಯ ರಸ ತಣ್ಣಗೆ ಮಲಗಿಬಿಟ್ಟಿತು. ಒಂದು ಗುಳ್ಳೆಯೂ ಏಳಲಿಲ್ಲ.

"ಬೆಂಕಿ ಹಾಕಿದರೆ ಸೋತೆವು. ಹಾಕದಿದ್ದರೂ ಸೋತೆವು," ಎಂದಳು ನೀಲಬ್ಬೆ. ಮೊದಲ ಸಲ ಅವಳ ದನಿ ಸ್ವಲ್ಪ ನಡುಗಿತು. ಆಗ ಕಾಗೆ ಹಾರಿಹೋಗಿ ಕರಡಿಯ ಹೊಟ್ಟೆಯ ಕೂದಲೊಳಗೆ ನುಸುಳಿ, ಬೆಚ್ಚಗೆ ಕೂತು, "ಕಾ" ಎಂದಿತು.

ನೀಲಬ್ಬೆಗೆ ಅರ್ಥವಾಯಿತು. "ಕರಡಿಯಪ್ಪ, ಈ ತೊಟ್ಟಿಯನ್ನು ತಬ್ಬಿಕೋ."

"ನಾನು ತಬ್ಬಿಕೊಂಡದ್ದೆಲ್ಲ ಮುರಿದುಹೋಗುತ್ತದೆ, ತಾಯಿ."

"ಮೆಲ್ಲಗೆ ತಬ್ಬಿಕೋ. ನಿಮ್ಮಮ್ಮ ನಿನ್ನನ್ನು ತಬ್ಬಿಕೊಳ್ಳುತ್ತಿದ್ದ ಹಾಗೆ."

ಕರಡಿ ಮೆಲ್ಲಗೆ ತಬ್ಬಿಕೊಂಡಿತು. ತಬ್ಬಿಕೊಂಡು ಹಾಗೆಯೇ ನಿದ್ದೆ ಹೋಯಿತು. ಬೆಳಗಾಗುವ ಹೊತ್ತಿಗೆ ಗುಳುಗುಳು, ಗುಳುಗುಳು ಎಂದು ಸದ್ದು ಕೇಳಿಸಿತು.

"ಕ್ಷಮಿಸಿ, ನನ್ನ ಹೊಟ್ಟೆಯಿರಬೇಕು," ಎಂದಿತು ಕರಡಿ ನಾಚಿಕೊಂಡು.

"ಹೊಟ್ಟೆಯಲ್ಲ, ರಸ!" ಎಂದಳು ನೀಲಬ್ಬೆ. ಜಾಡಿಮನೆಯ ಹೆಣ್ಣು ಅಂದು ಗಟ್ಟಿಯಾಗಿ ನಕ್ಕಳು. ಎರಡನೆಯ ಪರೀಕ್ಷೆ ಗೆದ್ದಾಯಿತು.

ಉಳಿದದ್ದು ಮೂರನೆಯದು. ನೀಲಬ್ಬೆ ಗಸಿ ಕೆಳಗಿಳಿದ ತಿಳಿರಸವನ್ನು ಒಂದು ಪೀಪಾಯಿಗೆ ಬಾಯಿಯವರೆಗೆ ತುಂಬಿ, ಬಿರಡೆ ಹಾಕಿ, ಅರಮನೆಯ ನೆಲಮಾಳಿಗೆಯಲ್ಲಿ ಇಟ್ಟಳು. ಕಟ್ಟಳೆಯಿದ್ದರೂ ಪರೀಕ್ಷೆಯ ಮಟ್ಟಿಗೆ ವಾರಕ್ಕೊಮ್ಮೆ ಹಗಲಿನಲ್ಲಿ ಬಂದು ನೋಡಿ ಹೋಗಲು ಅವಳಿಗೆ ಮಹಾರಾಜನ ಅಪ್ಪಣೆಯಿತ್ತು. ಕೀಲಿಕೈ ಮಾತ್ರ ಘಟಕೇತುವಿನ ಬಳಿ.

ಮೊದಲ ವಾರ ಬಂದು ಬಿರಡೆ ತೆಗೆದಾಗ ರಸ ನಾಲ್ಕು ಬೆರಳು ಇಳಿದಿತ್ತು. ಪೀಪಾಯಿಯಿಂದ ಒಂದು ನುಸಿ ಹಾರಿಹೋಯಿತು. ಅದರ ಕಿವಿಯಲ್ಲಿ ಚಿನ್ನದ ಒಂಟಿ ಇತ್ತು. ನುಸಿಗೆ ಕಿವಿ ಎಲ್ಲಿಯದು ಎಂದು ಕೇಳಬೇಡಿ. ಅದು ಮಾಯದ ನುಸಿ.

ಆಗ ನೀಲಬ್ಬೆಗೆ ಎಲ್ಲವೂ ತಿಳಿಯಿತು. ರಸವನ್ನು ಹುಳಿ ಮಾಡುವುದು ಹೆಣ್ಣಿನ ನೆರಳಲ್ಲ. ಪೀಪಾಯಿಯಲ್ಲಿ ಖಾಲಿ ಬಿದ್ದ ಜಾಗ. ಅಲ್ಲಿಗೆ ಗಾಳಿ ಹೊಕ್ಕರೆ ಎಂಥ ರಸವೂ ಹುಳಿಯಾಗುತ್ತದೆ. ಅತ್ತೆಯ ಪೀಪಾಯಿಯನ್ನು ಅರ್ಧ ಕುಡಿದು ಕೆಡಿಸಿದವನು ಇವನೇ. ಹೆಂಗಸರು ಇಳಿಯಬಾರದೆಂಬ ಕಟ್ಟಳೆಯನ್ನು ಮಾಡಿಸಿದವನೂ ಇವನೇ. ಹೆಂಗಸರು ಇಳಿದರೆ ಎಷ್ಟು ಇತ್ತು, ಎಷ್ಟು ಉಳಿಯಿತು ಎಂದು ಬಗ್ಗಿ ನೋಡುತ್ತಾರಲ್ಲ!

ಆದರೆ ಮತ್ತೆ ತುಂಬಲು ಅವಳ ಬಳಿ ಒಂದು ಹನಿ ರಸವೂ ಉಳಿದಿರಲಿಲ್ಲ. ನೀರು ಬೆರೆಸುವುದು ಜಾಡಿಮನೆಯವರ ಜಾಯಮಾನವಲ್ಲ.

"ಅತ್ತೆ, ಈಗೇನು ಮಾಡಲಿ?"

ಕಾಗೆ ನೆಲಮಾಳಿಗೆಯ ಗಾಳಿಕಿಂಡಿಯಿಂದ ಹಾರಿಹೋಯಿತು. ಸ್ವಲ್ಪ ಹೊತ್ತಿಗೆ ಹೊಳೆಯ ನುಣುಪು ಬೆಣಚುಕಲ್ಲೊಂದನ್ನು ಕೊಕ್ಕಿನಲ್ಲಿ ತಂದು, ಪೀಪಾಯಿಯ ಬಾಯಿಗೆ ಹಿಡಿದು, ಸೊಸೆಯ ಮುಖ ನೋಡಿತು.

"ತೊಳೆದಿದ್ದೀರಾ?"

"ಕಾ!" ಎಂದಿತು ಕಾಗೆ, ಬಹಳ ಬೇಸರಪಟ್ಟುಕೊಂಡು.

ಪುಳಕ್, ಪುಳಕ್ ಎಂದು ಕಲ್ಲುಗಳು ಒಳಗೆ ಬಿದ್ದವು. ರಸ ಮೇಲೆ ಮೇಲೆ ಏರಿ ಬಾಯಿಯವರೆಗೆ ಬಂತು. ಗಾಳಿಗೆ ಎಳ್ಳಷ್ಟೂ ಜಾಗ ಉಳಿಯಲಿಲ್ಲ. ಅಂದಿನಿಂದ ಪ್ರತಿ ವಾರವೂ ಹೀಗೆಯೇ. ನುಸಿ ಕುಡಿದಷ್ಟು ಕಲ್ಲು, ಕಲ್ಲಿನಷ್ಟು ಏರಿದ ರಸ. ಘಟಕೇತು ಹೊಟ್ಟೆ ಬಿರಿಯುವಂತೆ ಕುಡಿದ. ರಸ ಮಾತ್ರ ಹುಳಿಯಾಗಲಿಲ್ಲ.

ವರ್ಷ ತುಂಬಿತು. ಮಹಾರಾಜ, ಮಂತ್ರಿಗಳು, ಊರ ಹಿರಿಯರು, ಹೆಂಗಸರು, ಮಕ್ಕಳು ಎಲ್ಲರೂ ಪೀಪಾಯಿಯ ಸುತ್ತ ನೆರೆದರು. ಕರಡಿಯೂ ಪಾದ ತೊಳೆದುಕೊಂಡು ಬಂದು ಸಾಲಿನಲ್ಲಿ ನಿಂತಿತ್ತು.

"ಘಟಕೇತು ಎಲ್ಲಿ?" ಎಂದು ಕೇಳಿದ ಮಹಾರಾಜ.

"ಬರುತ್ತಾರೆ, ಮಹಾಸ್ವಾಮಿ. ಸ್ವಲ್ಪ ಆಳದಲ್ಲಿದ್ದಾರೆ," ಎಂದಳು ನೀಲಬ್ಬೆ.

ಘಟಕೇತು ಕಡೆಯ ದಿನವಾದರೂ ಕೆಲಸ ಕೆಡಿಸೋಣವೆಂದು ಬೆಳಗ್ಗೆಯೇ ನುಸಿಯಾಗಿ ಒಳಹೊಕ್ಕು, ಕಾಲು ಪೀಪಾಯಿ ಕುಡಿದು, ಖಾಲಿ ಜಾಗದಲ್ಲಿ ಹಾಯಾಗಿ ತೂಕಡಿಸುತ್ತಿದ್ದ. ನೀಲಬ್ಬೆ ಬಿರಡೆ ತೆಗೆದಳು. ಕಾಗೆ ಕಲ್ಲು ಹಾಕತೊಡಗಿತು. ಪುಳಕ್, ಪುಳಕ್, ಪುಳಕ್.

"ಈ ಕಾಗೆ ಏನು ಮಾಡುತ್ತಿದೆ?"

"ತನ್ನ ಕೆಲಸ, ಮಹಾಸ್ವಾಮಿ."

ರಸ ಏರಿತು. ನುಸಿ ನಿಲ್ಲಲು ಜಾಗವಿಲ್ಲದೆ ಮೇಲೆ ಮೇಲೆ ಬಂತು. ಕಡೆಯ ಕಲ್ಲು ಬಿದ್ದಾಗ ಅದು ರಸದೊಂದಿಗೆ ಪೀಪಾಯಿಯ ಬಾಯಿಂದ ಹೊರಗೆ ಉಕ್ಕಿ, ತುಂಬಿದ ಸಭೆಯ ಕಣ್ಣೆದುರು ತೊಟತೊಟನೆ ತೊಟ್ಟಿಕ್ಕುತ್ತಾ ನಿಂತಿತು. ಕದ್ದು ಕುಡಿಯುವವನು ನಾಲ್ವರ ಕಣ್ಣಿಗೆ ಬಿದ್ದರೆ ಮಂತ್ರ ಉಳಿಯುವುದಿಲ್ಲ. ಢಬ್ ಎಂದು ಸದ್ದಾಯಿತು. ಪೀಪಾಯಿಯ ಮೇಲೆ ಅಡಿಯಿಂದ ಮುಡಿಯವರೆಗೆ ಕೆಂಪಗೆ ತೊಯ್ದ ಘಟಕೇತು ಕೂತಿದ್ದ. ಬಾಯಿ ತೆರೆದು ಮಂತ್ರ ಹೇಳಲು ನೋಡಿದ. ಬರೀ ತೇಗು ಬಂತು.

ಅದೇ ಕ್ಷಣ ಕಾಗೆ ಇದ್ದ ಜಾಗದಲ್ಲಿ ಚಂದಲಬ್ಬೆ ನಿಂತಿದ್ದಳು. ಸೆರಗು ಸರಿಮಾಡಿಕೊಂಡು ಅವಳು ಆಡಿದ ಮೊದಲ ಮಾತು ಇದು: "ಯಾರೋ ಅರ್ಧ ಕುಡಿದಿದ್ದಾರೆ ಎಂದು ಹೇಳುತ್ತಿದ್ದೆ, ಮಹಾಸ್ವಾಮಿ. ನಡುವೆ ತಡೆಯಾಯಿತು."

ಕರಡಿಯೂ ಯಾರೋ ರಾಜಕುಮಾರನಿರಬೇಕೆಂದು ಜನ ಕಾದು ನೋಡಿದರು. ಅದು ಬದಲಾಗಲಿಲ್ಲ. ಅದು ಹುಟ್ಟಿನಿಂದಲೇ ಕರಡಿ.

ಮುಂದೆ ಎಲ್ಲರೂ ಸುಖವಾಗಿದ್ದರು. ಘಟಕೇತು ಜಾಡಿಮನೆಯ ಹಿತ್ತಲಲ್ಲಿ ಜಾಡಿ ತೊಳೆಯುವ ಕೆಲಸಕ್ಕೆ ನಿಂತ. ಚಂದಲಬ್ಬೆ ಬೆರಳಾಡಿಸಿ ನೋಡಿ ಅರ್ಧದಷ್ಟನ್ನು ಮತ್ತೆ ತೊಳೆಸುತ್ತಿದ್ದಳು. ನೆಲಮಾಳಿಗೆಯ ಬಾಗಿಲು ಹೆಂಗಸರಿಗೆ ತೆರೆಯಿತು. ನೀಲಬ್ಬೆ ರಸವ್ಯಾಪಾರದ ಮೊದಲ ಒಡತಿಯಾದಳು. ಅವಳ ಪೀಪಾಯಿಗಳಿಗಾಗಿ ಏಳು ಬೆಟ್ಟದಾಚೆಯ ವರ್ತಕರು ಗಾಡಿ ಕಟ್ಟಿಕೊಂಡು ಬಂದರು. ಹದಕ್ಕೆ ಬಾರದ ರಸವನ್ನು ಅವಳು ಚಕ್ರವರ್ತಿಗಳಿಗೂ ಮಾರಲಿಲ್ಲ. ಸಾಲಿನಲ್ಲಿ ನಿಲ್ಲದವರಿಗೂ ಮಾರಲಿಲ್ಲ. ಕರಡಿ ಸಿಪ್ಪೆ ತಿಂದು ದಪ್ಪಗಾಯಿತು, ಪ್ರತಿ ಸಲವೂ ದಯವಿಟ್ಟು ಎಂದು ಕೇಳಿಯೇ ತಿಂದಿತು.

ಆದರೆ ಇದೆಲ್ಲಕ್ಕೂ ಮೊದಲು, ಆ ದಿನ, ಆ ಸಭೆಯಲ್ಲಿ, ಒಂದು ಕೆಲಸ ಬಾಕಿಯಿತ್ತು.

ಮಹಾರಾಜ ಬಟ್ಟಲು ತುಂಬಿಸಿಕೊಂಡು ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ.

"ಆಹಾ!" ಎಂದ ಮಹಾರಾಜ. "ಬಿಸಿಲಿನ ರುಚಿಯಿದೆ, ಕಲ್ಲಿನ ರುಚಿಯಿದೆ! ನೀವು ಮೂರನೆಯದನ್ನೂ ಗೆದ್ದಿರಿ, ನೀಲಬ್ಬೆಯವರೇ! ಆನೆ ಕೇಳಿ, ಕೊಡುತ್ತೇನೆ. ಊರು ಕೇಳಿ, ಕೊಡುತ್ತೇನೆ. ಪಲ್ಲಕ್ಕಿ ಕೇಳಿ, ಕೊಡುತ್ತೇನೆ!" ಎಂದು ಎರಡನೆಯ ಗುಟುಕಿಗೆ ಬಟ್ಟಲೆತ್ತಿದ.

ನೀಲಬ್ಬೆ ಮುಂದೆ ಬಂದು ಬಟ್ಟಲಿನ ಮೇಲೆ ಅಂಗೈ ಇಟ್ಟಳು.

"ಆನೆ ಬೇಡ, ಮಹಾಸ್ವಾಮಿ. ಊರೂ ಬೇಡ. ನಮ್ಮ ಅತ್ತೆಯವರ ಮಾತನ್ನು ಪೂರ್ತಿ ಕೇಳದೆ, ಪೀಪಾಯಿಯೊಳಗೆ ಬಗ್ಗಿಯೂ ನೋಡದೆ, ಏಳು ತಲೆಮಾರಿನ ಮನೆಯನ್ನು ತಾವು ಹುಳಿಮನೆ ಎಂದು ಕರೆದಿರಿ. ತುಂಬಿದ ಸಭೆಯಲ್ಲಿ ಕರೆದಿರಿ. ಈಗಲೂ ಸಭೆ ತುಂಬಿದೆ. ಎದ್ದು ನಿಂತು ಅವರ ಕ್ಷಮೆ ಕೇಳಿ."