ಮಣ್ಣುಗೋಡೆಯ ನೀಲಿ ಜೇನು

"ನನ್ನ ಕೈಯಿಂದ ಈ ಗೋಡೆಗೆ ಗಾರೆ ಬೀಳಲ್ಲ" ಎಂದು ಮೇಸ್ತ್ರಿ ಅವಳಿಗೆ ಮಾತು ಕೊಟ್ಟು ಆರು ವರ್ಷವಾಗಿತ್ತು.

ಅಂದು ಅವಳ ಅಪ್ಪ ಟೊಮೇಟೊ ತೋಟದ ಹಿಂದಿನ ಮಣ್ಣುಗೋಡೆಗೆ ಗಾರೆ ಮಾಡಿಸಲು ಅವನನ್ನು ಕರೆಸಿದ್ದರು. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಅವಳ ಕಿವಿಯ ಪಕ್ಕ, ಗೋಡೆಯಲ್ಲಿದ್ದ ತೂತಿನಿಂದ ನೀಲಿ ಪಟ್ಟೆಯ ಜೇನೊಂದು ಹೊರಬಂದು, ಟೊಮೇಟೊ ಹೂವಿಗೆ ಜೋತುಬಿದ್ದು ಗುಂಯ್ ಎಂದಿತು. ಹಳದಿ ಹುಡಿ ಉದುರಿತು.

"ಇವು ಹೂವನ್ನ ಹೀಗೆ ನಡುಗಿಸಿದ್ರೇನೇ ನಮ್ಮ ಕಾಯಿ ತುಂಬೋದು. ಇವುಗಳ ಮನೆ ಮುಚ್ತೀರಾ, ಮೇಸ್ತ್ರಿಗಳೇ?"

ಮುಚ್ಚುವುದೆಲ್ಲಿ ಬಂತು, ಆ ಕಣ್ಣು ನೋಡಿ ಅವನ ಕರಣೆಯೇ ಕೈಜಾರಿತ್ತು.

ಅಲ್ಲಿಂದಾಚೆ ಪ್ರತಿ ವರ್ಷ ಬರುವುದು, ಗೋಡೆ ತಟ್ಟುವುದು, ಒಂದು ನೆಪ ಹೇಳುವುದು. "ಇನ್ನೂ ತೇವ ಆರಿಲ್ಲ ಯಜಮಾನ್ರೇ." "ಈ ಸಲದ ಮರಳು ಸರಿಯಿಲ್ಲ." ಅವಳು ಗಿಡಗಳ ಮರೆಯಲ್ಲಿ ನಗು ನುಂಗುತ್ತಿದ್ದಳು. ಮನಸ್ಸಿನ ಮಾತು ಮಾತ್ರ ಅವನ ಗಂಟಲು ದಾಟಲಿಲ್ಲ.

ಅಪ್ಪ ತೀರಿಕೊಂಡರು. ಅಣ್ಣ ತೋಟ ಮಾರಿದ. ಅವಳ ಮದುವೆ ದೂರದೂರಿಗೆ ನಿಶ್ಚಯವಾಯಿತು. ಕೊಂಡವರಿಗೆ ಈ ವಾರವೇ ಗೋಡೆ ನುಣುಪಾಗಬೇಕಿತ್ತು. ಬೇರೆಯವರು ಬಂದರೆ ಮರಿಗಳ ಸಮೇತ ಮೆತ್ತಿಬಿಡುತ್ತಾರೆಂದು ಮೇಸ್ತ್ರಿ ತಾನೇ ಆ ಕೆಲಸ ಕೇಳಿ ಪಡೆದ.

ಬೆಳಗ್ಗೆಯಿಂದ ಉಳಿ ಹಿಡಿದು, ತೂತಿದ್ದ ಕಡೆಯೆಲ್ಲ ಗೂಡಿನ ಸಮೇತ ಹೆಂಟೆಹೆಂಟೆಯಾಗಿ ಮಣ್ಣು ಬಿಡಿಸಿ ಮರದ ಪೆಟ್ಟಿಗೆಗೆ ಇಳಿಸಿದ. ಅವಳು ಒಳಗೆ ಗೋಣಿಚೀಲ ಹಾಸಿಕೊಟ್ಟಳು.

"ಎಲ್ಲಾ ಬಂತಾ?"

"ತೀರಾ ಒಳಗಿನವು ಸಿಗಲಿಲ್ಲ. ಹೋಗೋ ಊರಲ್ಲಿ ಟೊಮೇಟೊ ಇರುತ್ತಾ?"

"ಕುಂಡದಲ್ಲಾದ್ರೂ ಹಾಕ್ತೀನಿ." ಬೆರಳಿನ ಮಣ್ಣು ಉಜ್ಜುತ್ತಾ ಅವಳು ಕೇಳಿದಳು, "ಆರು ವರ್ಷ ಮರಳು ಸರಿಯಿಲ್ಲ ಅಂದ್ರಲ್ಲ, ಅಪ್ಪ ನಂಬಿದ್ರು ಅಂದ್ಕೊಂಡ್ರಾ?"

"ನಂಬಿರಲಿಲ್ವಾ?"

"'ಅವನು ಬರೋದು ಗೋಡೆ ನೋಡೋಕಲ್ಲ ಕಣೇ. ಬಾಯಿಬಿಟ್ಟು ಕೇಳಲಿ, ಒಪ್ಕೊಳ್ತೀನಿ' ಅಂತಿದ್ರು. ನಾನೂ ಕಾದೆ."

ಅವನು ಉಳಿ ಕೆಳಗಿಟ್ಟ. "ನಾನು ಕೇಳಿ, ನೀವು ಇಲ್ಲ ಅಂದುಬಿಟ್ಟಿದ್ರೆ? ಮತ್ತೆ ಬರೋಕೆ ಯಾವ ಮುಖ ಇರ್ತಿತ್ತು? ನನಗೆ ನೀವಂದ್ರೆ ಪ್ರಾಣ."

"ಈಗ ಹೇಳ್ತೀರಲ್ಲ, ನಿಮಗೇನನ್ನಲಿ!" ನಗಲು ಹೋದಳು, ಆಗಲಿಲ್ಲ. "ಗಂಡಿನವರಿಗೆ ಹೂಂ ಅಂದು ಮೂರು ತಿಂಗಳಾಯ್ತು, ಮೇಸ್ತ್ರಿಗಳೇ. ಅಂದಿದ್ದು ನಾನೇ."

ಗೇಟಿನಲ್ಲಿ ಅಣ್ಣ ಹಾರ್ನ್ ಹೊಡೆದ. ಅವಳು ಪೆಟ್ಟಿಗೆ ಎತ್ತಿಕೊಂಡು, ತಿರುಗಿ ನೋಡದೆ ನಡೆದಳು.

ಅವನು ಗಾರೆ ಕಲಸಿ ಗೋಡೆಗೆ ಮೆತ್ತತೊಡಗಿದ. ಹೂವಿಗೆ ಹೋಗಿದ್ದ ಜೇನೊಂದು ಮರಳಿ ಬಂದು, ಹಸಿ ಗಾರೆಯ ಅಂಚಿನಲ್ಲಿ ತನ್ನ ತೂತಿಗಾಗಿ ತಡಕಾಡಿತು. ಅದು ಹಾರಿಹೋಗುವವರೆಗೆ ಕಾದು, ಅಲ್ಲಿಗೂ ಕರಣೆ ಎಳೆದ.

ಕೊಟ್ಟ ಮಾತು ಉಳಿಯಲಿಲ್ಲ.