ದೊರೆಯ ಬಾಯಿಂದ ಬಂದ ಪಾಸ್‌ವರ್ಡ್

ಕತ್ತಿಯ ಮೊನೆ ನನ್ನ ಕುತ್ತಿಗೆಗೆ ತಾಗಿತು.

ಚಿನ್ನದ ಹಿಡಿಯ ಕತ್ತಿ. ಮೆರವಣಿಗೆಗೆಂದು ಇಟ್ಟದ್ದು, ಅಂಚಿಗೆ ಹರಿತವಿರಲಿಲ್ಲ. ಹಿಡಿದವನ ಕಣ್ಣಿಗಿತ್ತು!

"ಇನ್ನೊಂದು ಸಲ ತಪ್ಪು ಒತ್ತಿದ್ರೆ, ಮುದುಕಪ್ಪಾ..." ಎಂದ ಅಬಂಕ್ವಾ. ಅರಮನೆ ಕಾವಲಿನ ಮುಖ್ಯಸ್ಥ. ಕಪಾಟಿನಷ್ಟು ಅಗಲದ ಮನುಷ್ಯ.

"ಒತ್ತಿದ್ದು ನಾನಲ್ಲಪ್ಪ. ನಿಮ್ಮ ಕಾರ್ಯದರ್ಶಿ."

ಕಾರ್ಯದರ್ಶಿ ಗ್ಯೇಬಿ ಮೇಜಿನ ಹಿಂದೆ ಬೆವರುತ್ತಿದ್ದ. ಬಾಗಿಲ ಬಳಿ ಅರಮನೆಯ ಆಡೊಂದು ನನ್ನ ಚೀಲದ ಪಟ್ಟಿ ಅಗಿಯುತ್ತಿತ್ತು.

ಭಾನುವಾರ. ಬೆಳಗಿನ ಹತ್ತೂವರೆ. ಹನ್ನೆರಡಕ್ಕೆ ಸಭೆಯ ನಗಾರಿ!

ನಾನು ಯಾರು ಅಂತ ಹೇಳಿಬಿಡುತ್ತೇನೆ, ಕೇಳಿ. ಕ್ವಾಕು ಟಾಚಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂವತ್ತೆಂಟು ವರ್ಷ ಕುಮಾಸಿಯ ಗ್ಯಾರೇಜುಗಳಲ್ಲಿ ಲಾರಿ ಎಂಜಿನ್ ಬಿಚ್ಚಿದೆ. ಈಗ ಅಕ್ಕನ ಮಗಳು ಡುಫಿಯ ಕಂಪನಿಯಲ್ಲಿದ್ದೇನೆ. ಟೈರ್ ಅಂಗಡಿಯ ಮೇಲೆ ಎರಡು ಕೋಣೆ, ಮೂರು ಜನ. ಡುಫಿ ಸಾಫ್ಟ್‌ವೇರ್ ಬರೆಯುತ್ತಾಳೆ. ಇನ್ನೊಬ್ಬಳು ಫೋನ್ ಎತ್ತುತ್ತಾಳೆ. ಗಿರಾಕಿ ಸುಳ್ಳು ಹೇಳಿದರೆ ನನ್ನನ್ನು ಕಳಿಸುತ್ತಾರೆ.

ಗಿರಾಕಿ ಯಾವಾಗಲೂ ಸುಳ್ಳು ಹೇಳುತ್ತಾನೆ!

ಅವತ್ತು ಬೆಳಗ್ಗೆ ಎಂಟಕ್ಕೆ ಅರಮನೆಯ ಕಂಪ್ಯೂಟರಿಗೆ ವೈರಸ್ ಬಡಿದಿತ್ತು. ಸಭೆಯ ಪಟ್ಟಿ ಮಾಯ. ಯಾವ ಮುಖಂಡ ಎಲ್ಲಿ ಕೂರಬೇಕು, ಯಾರ ಕೊಡೆ ಯಾರ ಕೊಡೆಯ ಹಿಂದೆ ಎನ್ನುವ ಪಟ್ಟಿ. ಎಂಟು ತಿಂಗಳು ಜಗಳವಾಡಿ ಒಪ್ಪಿಕೊಂಡದ್ದು. ಯಾರೂ ತಿದ್ದಬಾರದೆಂದು ಊರ ದೊರೆ, ಅಂದರೆ ನಮ್ಮ ನಾನಾ, ಅದನ್ನು ಕಂಪ್ಯೂಟರಿನಲ್ಲಿ ಮಾತ್ರ ಇಡಿಸಿದ್ದರು. ಸಭೆಯ ದಿನ ಒಂದು ಪ್ರತಿ ತೆಗೆಯುವುದು, ಸಂಜೆ ಸುಡುವುದು. ಪಟ್ಟಿ ಇಲ್ಲದ ಕಾಲದಲ್ಲಿ ಒಂದು ಸಲ ಕುರ್ಚಿಗಾಗಿ ಮೂರು ತಲೆ ಒಡೆದಿದ್ದವು!

ಅವತ್ತು ಹನ್ನೊಂದು ಊರಿನ ದೊರೆಗಳು ಅತಿಥಿಗಳು. ಹನ್ನೊಂದೂ ಅರಮನೆಗಳು ಡುಫಿಯ ಸಾಫ್ಟ್‌ವೇರ್ ತಗೊಳ್ಳುವ ಯೋಚನೆಯಲ್ಲಿದ್ದವು. ಅವರ ಕಣ್ಣೆದುರಿಗೆ ಹೊಡೆದಾಟವಾದರೆ ಟೈರ್ ಅಂಗಡಿ ಉಳಿಯುತ್ತದೆ. ಮೇಲಿನ ಎರಡು ಕೋಣೆ ಉಳಿಯುವುದಿಲ್ಲ.

ವೈರಸ್ ಎಲ್ಲಿಂದ ಬಂತೆಂದು ಗ್ಯೇಬಿಯನ್ನು ಕೇಳಿದ್ದೆ.

"ನಾನೇನೂ ಹಾಕಿಲ್ಲ, ದೇವರಾಣೆ!"

"ಪೆನ್‌ಡ್ರೈವ್?"

"ಮುಟ್ಟೇ ಇಲ್ಲ!"

"ಎಡಗಾಲಿನ ಕಾಲುಚೀಲ ಬಿಚ್ಚಿ, ಸ್ವಾಮಿ."

"ಏನಂದ್ರಿ?"

"ನಾವು ಬಂದಾಗಿಂದ ಕುಂಟ್ತಾ ಇದೀರ. ಮೊನ್ನೆ ನೆಟ್ಟಗೆ ನಡೀತಿದ್ರಿ."

ಬಿಚ್ಚಿದ. ಪೆನ್‌ಡ್ರೈವ್ ಟಪ್ಪೆಂದು ಬಿತ್ತು. ಅದರ ತುಂಬ ಕುಸ್ತಿ ಸಿನಿಮಾ... ಜೊತೆಗೆ ನಮ್ಮ ವೈರಸ್!

ನನ್ನ ಜೊತೆ ಬಂದಿದ್ದ ಡುಫಿ ಇಪ್ಪತ್ತು ನಿಮಿಷದಲ್ಲಿ ಅದನ್ನು ಬುಡಸಮೇತ ಕಿತ್ತಳು. ಆಮೇಲೆ ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಬೇಕಾಯಿತು. ಅಲ್ಲೇ ಎಡವಟ್ಟಾದದ್ದು. ಒಂದು ವರ್ಷದಿಂದ ಆರದ ಯಂತ್ರ, ಮೊದಲ ಸಲ ಪಾಸ್‌ವರ್ಡ್ ಕೇಳಿತು.

ಗ್ಯೇಬಿ "ಚಿರತೆ" ಎಂದು ಒತ್ತಿದ. ತಪ್ಪು! ಇನ್ನೊಮ್ಮೆ ಒತ್ತಿದ. ತಪ್ಪು! ಉಳಿದದ್ದು ಒಂದೇ ಅವಕಾಶ. ಅದೂ ತಪ್ಪಿದರೆ ನಾಳೆಯವರೆಗೆ ಬೀಗ.

ಕತ್ತಿ ಬಂದದ್ದು ಆಗ.

"ಡುಫಿ, ನೀನು ಮಾಡಿದ ಬೀಗ ತಾನೇ? ಒಡಿ."

"ನನ್ನಿಂದಲೂ ಒಡೆಯೋಕಾಗಬಾರದು ಅಂತ ನಾನಾ ಹೇಳಿದ್ರು, ಮಾವ. ಹಾಗೇ ಮಾಡಿದೆ."

ಎಂಜಿನ್ ನಿಂತರೆ ಏನು ಕೆಟ್ಟಿತು ಎಂದು ನಾನು ಯಾವತ್ತೂ ಕೇಳಿದವನಲ್ಲ. ಕೊನೆಗೆ ಯಾರು ಮುಟ್ಟಿದರು, ಹೇಗೆ ಮುಟ್ಟಿದರು ಎಂದು ಕೇಳುತ್ತೇನೆ.

"ಗ್ಯೇಬಿಯವರೇ, ಪಾಸ್‌ವರ್ಡ್ ಹಾಕಿದ ದಿನ ನಾನಾ ಪಿಸುಗುಟ್ಟಿದ್ದನ್ನ ನೀವೇ ಕೇಳಿಸ್ಕೊಂಡ್ರಾ?"

"ಛೆ ಛೆ! ನಾನಾ ಮಾತನ್ನ ನೇರವಾಗಿ ಕೇಳಿಸ್ಕೊಳ್ಳೋದುಂಟೇ? ಒಚಿಯಾಮೆ ಸಾರಿದ್ದನ್ನ ಬರ್ಕೊಂಡು, ಹಾಗೇ ಕಂಪ್ಯೂಟರಿಗೆ ಒತ್ತಿ, ಕಾಗದ ಸುಟ್ಟೆ."

ಒಚಿಯಾಮೆ ಎಂದರೆ ದೊರೆಯ ಬಾಯಿ. ದೊರೆ ಒಂದು ಮಾತಾಡಿದರೆ ಅವನು ಅದನ್ನು ಹತ್ತು ಮಾಡಿ, ಬಂಗಾರದ ಕೋಲು ಹಿಡಿದು ಸಭೆಗೆ ಕೂಗುತ್ತಾನೆ. ಅಲ್ಲಿಯವರೆಗೆ ಅದು ಮಾತೇ ಅಲ್ಲ.

"ಬರೆಯೋಕೆ ಎಷ್ಟು ಹೊತ್ತು ಹಿಡೀತು?"

"ಕಾಲು ಗಂಟೆ..."

ಡುಫಿ ತಲೆಯ ಮೇಲೆ ಕೈ ಹೊತ್ತಳು.

ಗ್ಯೇಬಿ ಎಂಥವನು ಗೊತ್ತೇ? ಹಿಂದಿನ ಸಭೆಯ ವರದಿಯಲ್ಲಿ ಯಾರು ಎಷ್ಟು ಸಲ ಸೀನಿದರು ಎನ್ನುವುದನ್ನೂ ಬರೆದಿದ್ದ ಪುಣ್ಯಾತ್ಮ! ಕೇಳಿದ್ದನ್ನೆಲ್ಲ ಬರೆಯುತ್ತಾನೆ. ಬರೆದದ್ದನ್ನೆಲ್ಲ ಮರೆಯುತ್ತಾನೆ.

"ಆ ಒಚಿಯಾಮೆ ಎಲ್ಲಿ?"

ಅಬಂಕ್ವಾ ಕತ್ತಿ ಇಳಿಸಿ ಹೇಳಿದ: "ಡಾಪಾ ಮುದುಕ ಮುನಿಸ್ಕೊಂಡು ಹೋದ. ಈಗಷ್ಟೇ. ಮೈಕಿನ ಬ್ಯಾಟರಿ ಸಾಲಲ್ಲ, ಮಾತು ಮೊಟಕು ಮಾಡು ಅಂದ್ನಂತೆ ಈ ಗ್ಯೇಬಿ. ಕೋಲನ್ನ ಗೋಡೆಗೆ ಒರಗಿಸಿ, ಟೆಚಿಮಾನ್ ಊರಲ್ಲಿರೋ ಮಗಳ ಮನೆಗೆ ಅಂತ ಹೊರಟ."

ಬಾಡಿಗೆ ಬೈಕ್ ಹತ್ತಿದೆ.

"ವ್ಯಾನ್ ನಿಲ್ದಾಣ! ಬ್ರೇಕ್ ಅನ್ನೋದನ್ನ ಮರ್ತುಬಿಡು!"

"ಅದು ಇಲ್ವೇ ಇಲ್ಲ ಅಜ್ಜ!"

ಬಾಳೆಕಾಯಿ ಸಾಲು ಹಾರಿತು. ಒಣಮೀನಿನ ಬುಟ್ಟಿ ಹಾರಿತು. ಒಬ್ಬ ಹೆಂಗಸು ನನ್ನ ಏಳು ತಲೆಮಾರನ್ನು ಬೈದಳು. ಹನ್ನೊಂದು ಗಂಟೆ!

ಡಾಪಾ ಸಿಕ್ಕ. ಟೆಚಿಮಾನಿನ ವ್ಯಾನು ನಿಂತೇ ಇತ್ತು. ಸೀಟು ತುಂಬುವವರೆಗೆ ಅದು ಹೊರಡುವುದಿಲ್ಲವಲ್ಲ. ಒಂದೇ ಸೀಟು ಖಾಲಿ. ಅವನ ಪಕ್ಕದ್ದು.

ಒಳಗೆ ನುಗ್ಗಿದೆ. "ಡಾಪಾ ಅಣ್ಣಾ, ಒಂದು ಮಾತು..."

"ಫುಲ್ಲಾಯ್ತು! ಹೋಗ್ಲಿ ರೈಟ್!" ಕಂಡಕ್ಟರ್ ಬಾಗಿಲು ಬಡಿದ.

ವ್ಯಾನ್ ಹೊರಟಿತು! ನನ್ನನ್ನೂ ಹೊತ್ತುಕೊಂಡು!

"ನಿಲ್ಸಪ್ಪಾ!"

"ಟೋಲ್ ದಾಟಿದ ಮೇಲೇ ನಿಲ್ಲೋದು. ಚಾರ್ಜು ತೆಗೀರಿ."

ಕೊಟ್ಟೆ. ಡಾಪಾನಿಗೆ ಎಲ್ಲ ಹೇಳಿದೆ. ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ.

"ನನ್ನ ಮಾತು ಉದ್ದ ಆಯ್ತಂತಲ್ಲ? ಗಿಡ್ಡ ಬಾಯಿಯವನನ್ನ ಕೇಳಿ."

"ನಿಮ್ಮ ಬದಲಿಗೆ ಗ್ಯೇಬಿನೇ ನಿಲ್ತಾನಂತೆ. ಎರಡೇ ನಿಮಿಷದಲ್ಲಿ ಮುಗಿಸ್ತಾನಂತೆ. ಹನ್ನೊಂದು ದೊರೆಗಳ ಮುಂದೆ..."

ಡಾಪಾನ ಕತ್ತು ಸರಕ್ಕನೆ ತಿರುಗಿತು. "ಎರಡು ನಿಮಿಷ? ನಾನಾ ಅವರ ಅಜ್ಜನ ಹೆಸರು ಹೇಳೋಕೇ ಮೂರು ಬೇಕು!"

"ಅದಕ್ಕೇ ಕೇಳ್ತಿರೋದು. ಅವತ್ತು ಸಾರಿದ್ದು ನೆನಪಿದೆಯಾ?"

"ಒಮ್ಮೆ ಸಾರಿದ್ದು ನನಗೆ ಮರೆಯೋದಾ! ಆದ್ರೆ ಕೋಲಿಲ್ಲದೆ ನಾನಾ ಮಾತು ಆಡಂಗಿಲ್ಲ."

ಮುಂದಿನ ಸೀಟಿನ ಹೆಂಗಸು ಫುಫು ಮುದ್ದೆ ಕುಟ್ಟುವ ಹೊಸ ಒನಕೆ ಒಯ್ಯುತ್ತಿದ್ದಳು. ಆಳೆತ್ತರದ್ದು.

"ತಗೊಳ್ಳಿ ಅಣ್ಣಾ. ಮುರಿದ್ರೆ ಮಾತ್ರ ನಿಮ್ಮ ಬೆನ್ನು ಮುರೀತೀನಿ," ಎಂದಳು.

ಡುಫಿಗೆ ಫೋನ್ ಹಚ್ಚಿದೆ. ಚಾರ್ಜು ಒಂದೇ ಗೀಟು!

ಡಾಪಾ ಒನಕೆ ಊರಿ ಗಂಟಲು ಸರಿಮಾಡಿಕೊಂಡ. "ಕಾಡಿನ ಒಡೆಯ, ಮಳೆಗೆ ಹೆದರದ ಚಿರತೆ..."

"ನಿಜ!" ಎಂದಿತು ಇಡೀ ವ್ಯಾನು. ಇಂಥ ಮಾತು ಬಿದ್ದರೆ ನಮ್ಮವರು ಸುಮ್ಮನಿರುವುದುಂಟೇ!

"ಏಳು ಹೊಳೆ ದಾಟಿಯೂ ಪಾದ ನೆನೆಯದ ಚಿರತೆ..."

"ನಿಜ!"

ಹಾಗೆ ಒಂಬತ್ತು ನಿಮಿಷ. ಆ ಕಡೆ ಡುಫಿ ಒತ್ತುತ್ತಲೇ ಇದ್ದಳು. 'ನಿಜ'ವನ್ನೂ ಸೇರಿಸು ಎಂದೆ. ಗ್ಯೇಬಿ ಸೀನನ್ನೇ ಬಿಡದವನು!

"ಮುಗೀತು ಮಾವ. ಎಂಟರ್ ಒತ್ಲಾ?"

"ತಡಿ! ಮುಟ್ಟಬೇಡ!"

ಪಾಸ್‌ವರ್ಡ್ ಹಾಕಿದ ದಿನ ನಾನೂ ಸಭೆಯಲ್ಲಿದ್ದೆ, ಕೇಳಿ. ಹಿಂದಿನ ಬೆಂಚಿನಲ್ಲಿ. ನನಗೆ ಅಕ್ಷರ ಕಡಿಮೆ. ಅದಕ್ಕೇ ಕಂಡದ್ದು ಮರೆಯುವುದಿಲ್ಲ. ಏಳು ಹೊಳೆಯಾದ ಮೇಲೆ ಜನ ನಕ್ಕಿದ್ದರು. ಯಾಕೆ ನಕ್ಕರು?

"ಡಾಪಾ ಅಣ್ಣಾ. ಹೊಳೆ ಆದ ಮೇಲೆ ಒಂದು ಆಡು ಬಂತು. ನಾನಾ ಅವರ ಕೊಡೆಯ ಝಾಲರಿ ತಿಂತಿತ್ತು. ನೀವೇನೋ ಅಂದ್ರಿ."

ಮುದುಕನ ಮುಖ ಬಿಗಿಯಿತು. "ಅದು ಮಾತಲ್ಲ. ಆಡು!"

"ಕೋಲು ಕೈಲಿತ್ತಾ?"

"...ಇತ್ತು."

"ಹಾಗಾದ್ರೆ ಅದೂ ನಾನಾ ಮಾತೇ. ಹೇಳಿ."

ಡಾಪಾ ತಲೆ ತಗ್ಗಿಸಿ, ಒನಕೆ ಬಿಗಿಯಾಗಿ ಹಿಡಿದು, ಸಾರಿದ:

"ಯಾರ್ರೀ ಅಲ್ಲಿ, ಆ ದರಿದ್ರದ ಆಡನ್ನ ಹೊರಗಟ್ಟಿ!"

"ನಿಜ!" ಎಂದಿತು ವ್ಯಾನು.

"ಡುಫಿ, ಹೊಳೆ ಆದ್ಮೇಲೆ ಅದನ್ನ ಸೇರಿಸು. ಈ ಸಲ 'ನಿಜ' ಬೇಡ. ಅವತ್ತು ಆಡಿಗೆ ಯಾರೂ 'ನಿಜ' ಅನ್ಲಿಲ್ಲ, ನಕ್ಕರು... ಈಗ ಒತ್ತು."

ಉಸಿರು ಹಿಡಿದೆ. ಒಂದು... ಎರಡು... ಮೂರು...

"ತೆಗೀತು ಮಾವ! ತೆಗೀತು! ಪಟ್ಟಿ ಬಂ..."

ಫೋನ್ ಸತ್ತಿತು.

ವ್ಯಾನೊಳಗೆ ಕೇಕೆ! ಒನಕೆಯ ಹೆಂಗಸು ಡ್ರೈವರನ ಭುಜಕ್ಕೆ ಗುದ್ದಿದಳು. "ತಿರುಗ್ಸೋ ಗಾಡಿ! 'ನಿಜ' ಅಂದವಳು ನಾನೂ ಹೌದು. ಯಾರು ಎಲ್ಲಿ ಕೂತ್ರು ಅಂತ ನೋಡ್ಬೇಕು!"

ಟೆಚಿಮಾನಿಗೆ ಅವತ್ತು ಯಾರೂ ಹೋಗಲಿಲ್ಲ.

ನಾವು ಅರಮನೆಯಂಗಳಕ್ಕೆ ಇಳಿಯುವಾಗ ನಗಾರಿ ಎದ್ದಿತು. ಪ್ರತಿ ಮುಖಂಡ ತನ್ನ ಕುರ್ಚಿಯಲ್ಲಿ, ಪ್ರತಿ ಕೊಡೆ ತನ್ನ ಜಾಗದಲ್ಲಿ. ಒಂದು ತಲೆಯೂ ಒಡೆಯಲಿಲ್ಲ! ಡಾಪಾ ಬಂಗಾರದ ಕೋಲನ್ನು ಕೈಗೆತ್ತಿಕೊಂಡ. ಒನಕೆಯನ್ನು ಒಡತಿಗೆ ಒಪ್ಪಿಸಿದ. ಮೈಕಿನ ಬ್ಯಾಟರಿ ಮುಗಿದ ಮೇಲೂ ಒಂದು ಗಂಟೆ ಮಾತಾಡಿದ.

ಸಭೆ ಮುಗಿದ ಮೇಲೆ ಡುಫಿ ನಾನಾ ಮುಂದೆ ಮಂಡಿಯೂರಿದಳು. "ಹಳೇದು ಒಂದು ವ್ಯಾನಿಗೇ ಗೊತ್ತಾಗಿದೆ. ಹೊಸ ಪಾಸ್‌ವರ್ಡ್ ಇಡ್ಬೇಕು. ದಯವಿಟ್ಟು... ಚಿಕ್ಕದು."

ನಾನಾ ನಕ್ಕರು. ಒಂದೇ ಒಂದು ಮಾತನ್ನು ಡಾಪಾನ ಕಿವಿಯಲ್ಲಿ ಉಸುರಿದರು.

ಡಾಪಾ ಎದ್ದು ನಿಂತ. ಬಟ್ಟೆ ಸರಿಮಾಡಿಕೊಂಡ. ಉಸಿರು ಎಳೆದುಕೊಂಡ. ಗ್ಯೇಬಿ ಪೆನ್ನು ಬಿಚ್ಚಿದ...

ಆ ವಾರವೇ ಹನ್ನೊಂದೂ ಅರಮನೆಗಳು ಸಹಿ ಹಾಕಿದವು. ಒಂದೊಂದಕ್ಕೂ ಒಬ್ಬೊಬ್ಬ ಒಚಿಯಾಮೆ. ನಾನೀಗ ಎಲ್ಲ ಸಭೆಗಳಲ್ಲೂ ಹಿಂದಿನ ಬೆಂಚಿನಲ್ಲಿ ಕೂತು, ಆಡು ಯಾವಾಗ ಬರುತ್ತದೆಂದು ಕಾಯುತ್ತೇನೆ.