ಬೀಗರು ಬಂದರು

"ಯಾರದು?" ಎಂದು ಅಪ್ಪ ಒಳಗಿನಿಂದ ಕೂಗಿದರು.

"ಬೀಗದೋರು!" ಎಂದ ಬೀಗ ರಿಪೇರಿಯವನು, ಬಾಗಿಲಲ್ಲಿ ಸಾಮಾನಿನ ಚೀಲ ಇಳಿಸುತ್ತ.

ಅಷ್ಟೇ ಸಾಕಾಯಿತು. ತಮ್ಮ ಹೆಸರನ್ನೇ ಮರೆತಿದ್ದ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿಬಂದರು. "ಬನ್ನಿ ಬೀಗರೇ, ಬನ್ನಿ! ಹುಡುಗನ್ನ ಯಾಕೆ ಕರ್ಕೊಂಡು ಬರಲಿಲ್ಲ?"

ಮಗಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ಅವನನ್ನು ಕರೆಸಿದ್ದು ಅಪ್ಪನ ಕೋಣೆಗೆ ಹೊರಗಿನಿಂದ ಬೀಗ ಹಾಕಿಸಲು. ಹಿಂದಿನ ವಾರ ಅಪ್ಪ ಹೇಳದೆ ಕೇಳದೆ ಹೋಗಿ ರೈಲು ಹಳಿಯ ಮೇಲೆ ಕೂತುಬಿಟ್ಟಿದ್ದರು.

"ಹುಡುಗನಿಗೆ ಕೆಲಸ ಇತ್ತು ಯಜಮಾನ್ರೇ, ಮುಂದಿನ ಸಲ ಬರ್ತಾನೆ," ಎಂದು ಅವನು ಕೈಮುಗಿದ. ಆಮೇಲೆ ಅವಳತ್ತ ಓರೆಗಣ್ಣಲ್ಲಿ ನೋಡಿ, "ಗಂಡಿನ ಅಪ್ಪನಷ್ಟು ವಯಸ್ಸಾದೋನ ಥರ ಕಾಣ್ತೀನೇನ್ರೀ?" ಎಂದು ಪಿಸುಗುಟ್ಟಿದ.

ಅವಳು ನಕ್ಕು ಎಷ್ಟು ತಿಂಗಳಾಗಿತ್ತೋ!

ಬೀಗ ಕೂರಿಸುತ್ತ ಕೇಳಿದ, "ನೀವು ನಿಘಂಟು ಮಾಡೋ ಆಫೀಸಿನೋರಂತೆ. ಈ ಬೀಗಕ್ಕೂ ಆ ಬೀಗರಿಗೂ ಏನ್ರೀ ನಂಟು?"

"ಬೇರೆ ಬೇರೆ ಪದ ಅಂತಾರೆ ನಮ್ಮ ಸಂಪಾದಕರು. ಉಬ್ಬಿ ಬೀಗೋದು ಮೂರನೇದು."

"ಬಿಗಿಯಾಗಿ ಹಿಡ್ಕೊಳ್ಳುತ್ತಲ್ಲ, ಅದಕ್ಕೇ ಬೀಗ ಅಂದ್ಕೊಂಡಿದ್ದೆ. ನೆಂಟಸ್ತನಾನೂ ಹಾಗೇ ತಾನೆ?"

"'ಇರಬಹುದು' ಅಂತ ಬರ್ಕೋತೀನಿ. ಗೊತ್ತಿಲ್ಲದಿದ್ರೆ ನಾವು ಹಾಗೇ ಬರೆಯೋದು."

ಬೀಗದ ಕೈಯನ್ನು ಅವಳ ಕೈಗಿಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬಾಗಿಲನ್ನೇ ನೋಡುತ್ತ ನಿಂತರು.

ಬೀಗ ಚೆನ್ನಾಗಿಯೇ ಇತ್ತು. ಆದರೂ ಎಣ್ಣೆ ಬಿಡುವ ನೆಪದಲ್ಲಿ ಅವನು ಮತ್ತೆ ಮತ್ತೆ ಬಂದ. ಬಂದಾಗಲೆಲ್ಲ ಅಪ್ಪನದು ಅದೇ ಪ್ರಶ್ನೆ: "ಹುಡುಗ ಎಲ್ಲಿ ಬೀಗರೇ?" ಬರಬರುತ್ತ ಅಪ್ಪನಿಗೆ ಮಗಳ ಗುರುತೂ ಸಿಗದಾಯಿತು, ಬೀಗರ ಗುರುತು ಮಾತ್ರ ಉಳಿಯಿತು. ಸುಳ್ಳೇಕೆ, ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಸಂಜೆ ಅವಳೇ ಹೇಳಿದಳು, "ಇನ್ನು ಬರಬೇಡಿ. ನಿಮ್ಮ ಹೆಜ್ಜೆ ಸದ್ದಿಗೆ ಕಾಯೋದು ಅಭ್ಯಾಸ ಆಗ್ಬಿಟ್ಟಿದೆ ನನಗೆ. ಹೆತ್ತ ಅಪ್ಪನ್ನೇ ಕೂಡಿಹಾಕಿರೋಳು ನಾನು. ನಿಮ್ಮನ್ನೂ ಕೂಡಿಹಾಕಲಾ?"

ಅವನು ಚೀಲ ಎತ್ತಿಕೊಂಡ. ಅವಳು ಅಪ್ಪನ ಬಾಗಿಲೆಳೆದು ಬೀಗ ಹಾಕಲು ಹೋದಳು. ಬೀಗದ ಕೈ ತಿರುಗಿಸಲಾರದೆ ಬಾಗಿಲನ್ನು ಹಾಗೇ ಹಿಡಿದು ನಿಂತಳು.

ಒಳಗಿನಿಂದ ಅಪ್ಪ ದಬದಬ ಬಡಿದರು. "ತೆಗೀರಿ! ಯಾರಾದ್ರೂ ತೆಗೀರಿ!" ಕೊನೆಗೆ ದನಿ ಸೋತಿತು. "ಬೀಗರೇ, ಇದೀರಾ? ಹುಡುಗ ಬಂದ್ನಾ?"

ಅವನು ಚೀಲ ಕೆಳಗಿಟ್ಟ. ಬಾಗಿಲ ಹತ್ತಿರ ಬಾಯಿ ತಂದು, "ಬಂದಿದೀನಿ ಮಾವ," ಎಂದ. "ಇನ್ನು ಹೋಗಲ್ಲ."

ಬಡಿತ ನಿಂತಿತು. ಅವನು ಬಾಗಿಲು ಹಿಡಿದಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಇಬ್ಬರೂ ಸೇರಿ ಬೀಗ ಹಾಕಿದರು.